ಗೇಟಿನಲ್ಲೇ ನಿಂತ ಸುದ್ದಿ

ಗೇಟಿನಲ್ಲಿ ಯಾರಾದರೂ ಕೂಗಿದರೆ ನನಗೆ ಇಂದಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಪೂರ್ತಿ ಕೇಳುವ ಮೊದಲೇ ಒಳಗೆ ಓಡಿ ಹೇಳಿಬಿಡುತ್ತೇನೆ. ಮನೆಯವರು ನಗುತ್ತಾರೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ತಂಗಿ ಎಂಬತ್ತರ ದಶಕದಲ್ಲಿ ಹೊನ್ನವಳ್ಳಿಯಿಂದ ತಿಪಟೂರಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎಸ್ಸಿ. ಮುಗಿಸಿದಳು. ಮೈಸೂರಿನಲ್ಲಿ ಎಂ.ಎಸ್ಸಿ.ಗೆ ಅರ್ಜಿ ಹಾಕಿ ಕರೆಗೆ ಕಾಯುತ್ತಿದ್ದಳು.

ಆಗ ನಾವು ಅಟ್ಟದಲ್ಲಿ ಒಣಗಿದ ತೆಂಗಿನಕಾಯಿ ಇಳಿಸಿ ಕೊಬ್ಬರಿ ಮಾಡುತ್ತಿದ್ದೆವು. ಒಡೆಯುವ ಮುಂಚೆ ಪ್ರತಿ ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಉರುಳಿದರೆ ಸರಿ. ನೀರು ಕುಲುಕಿದರೆ ಇನ್ನೂ ಆಗಿಲ್ಲ, ಒಡೆದರೆ ಕೆಡುತ್ತದೆ. ಆ ಕಿವಿ ನಮ್ಮ ಮನೆಯಲ್ಲಿ ಇದ್ದದ್ದು ಅವಳೊಬ್ಬಳಿಗೇ. ಅಲ್ಲಾಡಿಸುತ್ತಲೇ ನನಗೆ ಪಾಠ ಹೇಳುತ್ತಿದ್ದಳು.

“ಜೀವಕೋಶದ ಸುತ್ತ ಕೊಬ್ಬಿನ ಪೊರೆ ಇರ್ತದಣ್ಣ. ಹೊರಗಿಂದ ಬಂದ ಸುದ್ದಿ ಎಷ್ಟೋ ಸಲ ಒಳಕ್ಕೆ ಬರೋದೇ ಇಲ್ಲ, ಪೊರೆ ಹತ್ರಾನೇ ನಿಂತ್ಕತದೆ.”

“ಮತ್ತೆ ಒಳಗೆ ಹೆಂಗ್ ಗೊತ್ತಾಗ್ತದೆ?”

“ಅಲ್ಲೊಂದು ಕಿಣ್ವ ಇರ್ತದೆ, ಫಾಸ್ಫೋಲೈಪೇಸ್ ಅಂತ. ಸುದ್ದಿ ಬಂದೇಟ್ಗೆ ಅದು ಪೊರೆ ಕೊಬ್ಬನ್ನೇ ಕತ್ತರಿಸ್ತದೆ. ಒಂದು ಚೂರು ಪೊರೇಲೇ ಉಳ್ಕಂಡು ಅಲ್ಲಿ ಕೆಲ್ಸ ಶುರು ಮಾಡಿಸ್ತದೆ. ಇನ್ನೊಂದು ಒಳಕ್ಕೋಗಿ, ಕೂಡಿಟ್ಟಿರೋ ಕ್ಯಾಲ್ಸಿಯಂ ಬಿಡಿಸ್ತದೆ. ಆಗ ಇಡೀ ಕೋಶ ಎಚ್ಚೆತ್ಕತದೆ.”

“ಅದು ಕತ್ತರಿಸ್ದೆ ಸುಮ್ನಿದ್ರೆ?”

“ಸುದ್ದಿ ಬಂದ್ರೂ ಬರದಂಗೇ. ಮಾತು ಸಾಕು, ಕಾಯಿ ಕೊಡು. ನಿನ್ ಕಿವಿ ನಂಬ್ಕಂಡ್ರೆ ಬರೀ ಬೂಷ್ಟು ಕೊಬ್ರಿ ಮಾರ್ಬೇಕು.”

ಮರುದಿನ ಕಾಲೇಜಿನ ಅಟೆಂಡರ್ ಸೈಕಲ್ಲಿನಲ್ಲಿ ಬಂದು ಗೇಟಿನಲ್ಲೇ ಕಾಲೂರಿ ನಿಂತ.

“ನಿಮ್ ತಂಗೀಗೆ ನಾಳೆ ಬೆಳಿಗ್ಗೆ ಮೈಸೂರಲ್ಲಿ ಇಂಟರ್‌ವ್ಯೂ ಅಂತೆ. ಕಾಲೇಜಿಗೆ ಫೋನ್ ಬಂದಿತ್ತು. ಇವತ್ತೇ ಹೊರಡ್ಬೇಕು ಕಣಪ್ಪ.”

“ಹೇಳ್ತೀನಿ ಬುಡು” ಎಂದೆ.

ಒಳಗೆ ಅರ್ಧ ರಾಶಿ ಉಳಿದಿತ್ತು. ಬೆಳಗಾದರೆ ತಿಪಟೂರಿನಲ್ಲಿ ಕೊಬ್ಬರಿ ಹರಾಜು. ಈಗಲೇ ಹೇಳಿದರೆ ಅವಳು ಎದ್ದುಬಿಡುತ್ತಾಳೆ. ರಾಶಿ ಮುಗಿಯಲಿ, ಕೊನೆಯ ಬಸ್ಸಿದೆಯಲ್ಲ ಎಂದುಕೊಂಡೆ. ಒಳಗೂ ಹೊರಗೂ ಓಡಾಡಿದೆ, ಕತ್ತಿ ಮಸೆದೆ, ನೀರು ಕುಡಿದೆ. ಕೊನೆಯ ಬಸ್ಸು ಹಾರನ್ ಹೊಡೆದು ಹೋದಾಗಲೂ ಅವಳ ಕೈಯಲ್ಲಿ ಕಾಯಿ ಇತ್ತು. ಆಮೇಲೆ ಹೇಳಲು ಬಾಯಿ ಬರಲಿಲ್ಲ.

ವಾರ ಕಳೆದ ಮೇಲೆ ಪೇಟೆಯಲ್ಲಿ ಅಟೆಂಡರ್ ಅವಳಿಗೆ ಸಿಕ್ಕ. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೇಳಿದಳು.

“ನಿಂಗೆ ಹೇಳಿದ್ನಂತೆ?”

“ರಾಶಿ ಮುಗೀಲಿ ಅಂತ...”

“ಕಾಯೇನ್ ಓಡೋಗ್ತಿದ್ವಾ ಅಣ್ಣ?”

ಮುಂದಿನ ವರ್ಷ ಅವಳು ಅರ್ಜಿಯನ್ನೇ ಹಾಕಲಿಲ್ಲ. ಅಟ್ಟದ ಕಾಯಿ ಇಳಿಸಿದ ದಿನ ಕರೆಯದೆಯೇ ಬಂದು ಕೂತಳು. ಒಂದೊಂದನ್ನೇ ಎತ್ತಿ ಅಲ್ಲಾಡಿಸಿದಳು. ಮತ್ತೆ ಪಾಠ ಹೇಳಲಿ ಎಂದು ನಾನು ಬೇಕೆಂದೇ ಆ ಕಿಣ್ವದ ಹೆಸರು ಮರೆತವನಂತೆ ಕೇಳಿದೆ. ಅವಳು ಕಾಯಿಯನ್ನು ಕಿವಿಯಿಂದ ಇಳಿಸಲಿಲ್ಲ.