ಸೋರದ ಮಾಸ್ಕ್

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದವನನ್ನು ಎಲ್ಲರೂ ಗಾಳಿಯಣ್ಣ ಎನ್ನುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯ ಬಾಯಲ್ಲೂ ಅದೇ ಹೆಸರು. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದುವ ಮೊದಲೇ ಕಿವಿಯ ಹತ್ತಿರ ಹಿಡಿದು ತೂತು ಎಲ್ಲಿದೆ ಎಂದು ಹೇಳಿಬಿಡುವವನು ಅವನು. ಮನೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಸಣ್ಣಗೆ ಉಸ್ಸೆಂದರೂ ಉಣ್ಣುವುದನ್ನು ಬಿಟ್ಟು ಎದ್ದು ಹೋಗುತ್ತಿದ್ದ.

ಮೊದಲು ಆ ಅಂಗಡಿ ಅವನ ಅಣ್ಣನದಾಗಿತ್ತು. ಅಣ್ಣನ ಗೊರಕೆಗೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು. ಒಂದು ರಾತ್ರಿ ಯಾರೂ ಗೋಡೆ ಬಡಿಯಲಿಲ್ಲ. ಬೆಳಿಗ್ಗೆ ಅತ್ತಿಗೆ ಎಬ್ಬಿಸಲು ಹೋದಾಗ ಮೈ ತಣ್ಣಗಿತ್ತು. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು. ಗಾಳಿಯಣ್ಣ ಈಗ ಅಣ್ಣ ಸತ್ತ ವಯಸ್ಸಿಗೆ ಬಂದಿದ್ದ. ಗೊರಕೆಯೂ ಬಂದಿತ್ತು. ಹಗಲು ವೀಲ್ ಸ್ಪ್ಯಾನರ್ ಹಿಡಿದುಕೊಂಡೇ ತೂಕಡಿಸುತ್ತಿದ್ದ.

ಹೆಂಡತಿ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತಿದೆ ಎಂದು ಡಾಕ್ಟರಮ್ಮ ಹೇಳಿದರು. ರಕ್ತದಲ್ಲಿ ಕೊಬ್ಬು ಹೆಚ್ಚಿತ್ತು, ಉರಿಯೂತ ತೋರಿಸುವ ಅಂಶವೂ ಹೆಚ್ಚಿತ್ತು. ಎರಡೂ ಹೃದಯಕ್ಕೆ ಕೆಟ್ಟವು.

"ಮಲಗುವಾಗ ಈ ಗಾಳಿ ಯಂತ್ರದ ಮಾಸ್ಕ್ ಹಾಕ್ಕೊಳ್ಳಿ, ಮಾತ್ರೆ ತಪ್ಪಿಸಬೇಡಿ. ಆರು ತಿಂಗಳು ಬಿಟ್ಟು ಮತ್ತೆ ರಕ್ತ ನೋಡೋಣ."

ಗಾಳಿಯಣ್ಣನಿಗೆ ಇದು ಚೆನ್ನಾಗಿ ಅರ್ಥವಾಯಿತು. ಗಾಳಿ ತುಂಬಿದರೆ ಗಂಟಲು ತೆರೆಯುತ್ತದೆ, ಗಂಟಲು ತೆರೆದರೆ ರಕ್ತ ಸರಿಹೋಗುತ್ತದೆ, ಅಣ್ಣನಿಗಾದದ್ದು ತನಗಾಗುವುದಿಲ್ಲ.

ಆದರೆ ಮಾಸ್ಕ್ ಉಸ್ಸೆನ್ನುತ್ತಿತ್ತು. ಪಟ್ಟಿ ಎಷ್ಟು ಬಿಗಿದರೂ ಸದ್ದು ನಿಲ್ಲಲಿಲ್ಲ. ಬೆಳಕಿಗೆ ಹಿಡಿದು ನೋಡಿದ. ಮೂಗಿನ ಮುಂದೆ ಸೂಜಿಮೊನೆಯಷ್ಟು ಸಣ್ಣ ತೂತುಗಳ ಸಾಲು! ಇಷ್ಟು ದುಬಾರಿ ಮಾಲಿಗೆ ಈ ಗತಿಯೇ ಎಂದುಕೊಂಡು ಅಂಗಡಿಗೆ ಒಯ್ದ. ಉಜ್ಜಿ, ಸಲ್ಯೂಷನ್ ಅಂಟು ಹಚ್ಚಿ, ಸೈಕಲ್ ಪ್ಯಾಚಿನ ಚೂರು ಒತ್ತಿದ. ಅಂಚಿನ ಒಂದೆರಡು ತೂತು ಮಾತ್ರ ಪ್ಯಾಚಿಗೆ ಸಿಗದೆ ಉಳಿದವು, ಆದರೂ ಸದ್ದು ಅಡಗಿತು.

ಪಕ್ಕದ ವೆಲ್ಡಿಂಗ್ ಅಂಗಡಿಯವನು ಇಣುಕಿದ. "ಏನಣ್ಣೋ, ವಿಮಾನ ಓಡಿಸೋಕೆ ಹೊರಟಿದ್ದೀಯಂತೆ?"

"ಹೂಂ ಕಣೋ. ನಿನ್ನನ್ನ ಮಾತ್ರ ಹತ್ತಿಸ್ಕೊಳ್ಳಲ್ಲ, ಭಾರ ಜಾಸ್ತಿ."

ಅಂದಿನಿಂದ ಒಂದು ದಿನವೂ ಮಾಸ್ಕ್ ತಪ್ಪಿಸಲಿಲ್ಲ. ಬೆಳಿಗ್ಗೆ ಏಳುವಾಗ ತಲೆ ಸಿಡಿಯುತ್ತಿತ್ತು. ಔಷಧ ಅಂದಮೇಲೆ ಕಹಿ ಇರಲೇಬೇಕಲ್ಲ ಎಂದು ಸಹಿಸಿಕೊಂಡ.

ಆರು ತಿಂಗಳ ಮೇಲೆ ನೋಡಿದರೆ ರಕ್ತದ ಅಂಕಿಗಳು ಏರಿದ್ದವು. ಡಾಕ್ಟರಮ್ಮ ಮಾಸ್ಕ್ ತರಿಸಿ ತಿರುಗಿಸಿ ನೋಡಿದರು.

"ಇದೇನ್ರೀ ಇದು?"

"ಸೋರ್ತಿತ್ತು. ಮುಚ್ಚಿದೆ."

"ನೀವು ಬಿಟ್ಟ ಉಸಿರು ಹೊರಗೆ ಹೋಗೋ ದಾರಿ ಅದು! ಬಿಟ್ಟಿದ್ದನ್ನೇ ಮತ್ತೆ ಎಳ್ಕೊಂಡು ಮಲಗಿದ್ದೀರಲ್ರೀ. ಪುಣ್ಯಕ್ಕೆ ಒಂದೆರಡು ತೂತು ಉಳಿದಿವೆ, ಬದುಕಿದ್ದೀರಿ."

"ನಮ್ಮನೆಯವ್ರನ್ನ ಹೀಗೇ ಬಿಟ್ರೆ ಬಾಗಿಲ ಸಂದಿಗೂ ಪ್ಯಾಚ್ ಹಾಕ್ತಾರೆ," ಎಂದು ಹೆಂಡತಿ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಾಳಿಯಣ್ಣನಿಗೆ ನಾಚಿಕೆಗಿಂತ ಸಮಾಧಾನವೇ ಹೆಚ್ಚಾಯಿತು. ತಪ್ಪು ಸಿಕ್ಕಿತು, ಸಿಕ್ಕ ತಪ್ಪನ್ನು ಸರಿಮಾಡಬಹುದು. ಹೊಸ ಮಾಸ್ಕ್ ಉಸ್ಸೆಂದಷ್ಟೂ ಅದನ್ನು ಬಯ್ದು, ಹಲ್ಲು ಕಚ್ಚಿ ಮಲಗಿದ. ತಲೆನೋವು ಹೋಯಿತು, ಹಗಲಿನ ತೂಕಡಿಕೆಯೂ ಹೋಯಿತು. ಮತ್ತೆ ಆರು ತಿಂಗಳಿಗೆ ರಕ್ತ ಪರೀಕ್ಷೆಗೆ ಹೋಗುವಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ.

ಡಾಕ್ಟರಮ್ಮ ವರದಿಯನ್ನು ಮೇಜಿನ ಮೇಲಿಟ್ಟರು. "ಮಾಸ್ಕ್ ಈಗ ಸರಿಯಾಗಿದೆ, ಉಸಿರೂ ನಿಲ್ತಿಲ್ಲ. ಆದ್ರೆ ರಕ್ತ ಮೊದಲ ದಿನ ಎಲ್ಲಿತ್ತೋ ಅಲ್ಲೇ ಇದೆ."

"ಮತ್ತೆ ನಾನೇನಾದ್ರೂ ಕೆಡಿಸಿದ್ನಾ?"

"ಇಲ್ಲ. ಮಾಸ್ಕ್ ಸರಿಯಾಗಿ ಹಾಕಿದ್ರೂ ಎಷ್ಟೋ ಜನಕ್ಕೆ ಇದು ಇಳಿಯಲ್ಲ."

ಕೆಡಿಸಿದ್ದೀರಿ ಎಂದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಗಾಳಿಯಣ್ಣನಿಗೆ.

"ಹಾಗಾದ್ರೆ ತೂತು ಎಲ್ಲಿದೆ, ಹೇಳಿ."

"ಒಂದೇ ಕಡೆ ಇದ್ದಿದ್ರೆ ಹೇಳ್ತಿದ್ದೆ. ಮಾತ್ರೆ ಹೆಚ್ಚು ಮಾಡ್ತೀನಿ, ನಡೆಯೋದು ಬಿಡಬೇಡಿ."

"ನಮ್ಮಣ್ಣನ ಹಾಗೆ ಆಗಲ್ಲ ಅಂತ ಒಂದು ಮಾತು ಹೇಳಿಬಿಡಿ ಡಾಕ್ಟರಮ್ಮ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಆ ಮಾತು ನಾನು ಯಾರಿಗೂ ಕೊಡೋಕಾಗಲ್ಲ."

ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಪಕ್ಕ ಕೂತಳು. ಟಿಕೆಟ್ ಮಡಿಸಿ ಬಳೆಯ ಸಂದಿಗೆ ಸಿಕ್ಕಿಸಿಕೊಂಡಳು.

"ರೀ, ಆ ಉಸ್ ಸದ್ದನ್ನ ಬಯ್ಯಬೇಡಿ," ಎಂದಳು ಆಮೇಲೆ. "ಮಧ್ಯೆ ಎಚ್ಚರ ಆದ್ರೆ ನಾನು ಅದನ್ನೇ ಕೇಳಿಸ್ಕೊಳ್ತೀನಿ. ಸದ್ದಿದೆ ಅಂದ್ರೆ ನೀವಿದ್ದೀರಿ ಅಂತ ಮತ್ತೆ ನಿದ್ದೆ ಬರುತ್ತೆ."

ಗಾಳಿ ಊದುವುದು ಯಂತ್ರ. ಹೃದಯ ನಿಂತ ಮೇಲೂ ಬೆಳಗಿನ ತನಕ ಅದು ಹಾಗೆಯೇ ಊದುತ್ತಿರುತ್ತದೆ, ಹಾಗೆಯೇ ಉಸ್ಸೆನ್ನುತ್ತಿರುತ್ತದೆ. ಗಾಳಿಯಣ್ಣನಿಗೆ ಅದು ಗೊತ್ತಿತ್ತು.

"ಬಯ್ಯಲ್ಲ ಕಣೇ," ಎಂದ.