ಅಚ್ಚುಕಟ್ಟಿನವರು

ಆ ಸಂಬಂಧ ಮುರಿದದ್ದು ನನ್ನ ಬೆರಳಿನಿಂದ, ಬಾಯಿಂದ. ಜಾತಕ ಕೂಡಲಿಲ್ಲ ಎಂದು ಊರಿಗೆ ಹೇಳಿದ್ದು ಸುಳ್ಳು.

ತೊಂಬತ್ತನೇ ಇಸವಿ ದಾಟಿದ ಮೇಲಿನ ಮಾತು. ಚಿಕ್ಕ ಮಗನಿಗೆ ಹೆಣ್ಣು ನೋಡಲು ದೇವಲಾಪುರದ ಕಡೆಗೆ ಹೋಗಿದ್ದೆವು. ನಮ್ಮದು ತೊಣ್ಣೂರು ಕೆರೆಯ ಅಚ್ಚುಕಟ್ಟು. ಕೆರೆಯ ನೀರು ಹರಿಯುವ ಗದ್ದೆ ಬಯಲನ್ನು ಹಾಗೆನ್ನುತ್ತೇವೆ. ಓರೆಕೋರೆ ಇಲ್ಲದ ಕೆಲಸಕ್ಕೂ ಅದೇ ಮಾತು. ಎರಡರ ಜಂಬವೂ ನನಗಿತ್ತು.

ಹುಡುಗಿಯನ್ನು ನೋಡಿದ ಕೂಡಲೇ ಮಗ ಒಪ್ಪಿದ. ಒಪ್ಪಿದ ಮನೆಯಲ್ಲಿ ಉಣ್ಣಬೇಕು, ಊಟಕ್ಕೆ ಕೂತೆವು. ಮುದ್ದೆ ಕಟ್ಟಿದ್ದವಳು ಆ ಹುಡುಗಿಯೇ. ನಾನು ಬೆರಳು ತೂರಿಸಿದೆ. ಬೇಯದ ಹಿಟ್ಟಿನ ಗಂಟೊಂದು ಸಿಕ್ಕಿತು. ನುಂಗಬಹುದಿತ್ತು. ತೆಗೆದು ಎಲೆಯ ತುದಿಯಲ್ಲಿಟ್ಟೆ.

"ನಿಮ್ಮಲ್ಲಿ ಅಚ್ಚುಕಟ್ಟು ಅನ್ನೋದು ಇಲ್ವಾ?" ಅಂದೆ.

ಆಚೆ ತುದಿಯಲ್ಲಿ ಕೂತಿದ್ದ ಹುಡುಗಿಯ ಅಪ್ಪನಿಗೆ ಗಂಟು ಕಾಣಿಸಿರಲಿಲ್ಲ. ಗದ್ದೆ ಇದೆಯಾ ಎಂದು ಕೇಳಿದೆ ಅಂದುಕೊಂಡ. ತಲೆ ತಗ್ಗಿಸಿ, "ಇಲ್ಲ ಕಣವ್ವ. ನಮ್ದೆಲ್ಲ ಹೊಲ. ಮಳೆ ಹುಯ್ದ್ರೆ ರಾಗಿ, ಇಲ್ದಿದ್ರೆ ಹುಳ್ಳಿ" ಅಂದ.

ನಮ್ಮ ಕಡೆಯವರು ಕಿಸಕ್ಕನೆ ನಕ್ಕರು. ಅಲ್ಲಿಗಾದರೂ ನಾನು ಸುಮ್ಮನಿರಬೇಕಿತ್ತು.

"ಅದ್ಕೇ ಕಣಣ್ಣ, ನೀರ್ ಸಾಲ್ದೆ ಮುದ್ದೇಲಿ ಗಂಟು ಬಂದದೆ!"

ಆಗ ಅವನು ನನ್ನ ಎಲೆ ನೋಡಿದ. ಆಮೇಲೆ ಉಣ್ಣಲಿಲ್ಲ, ಅನ್ನ ಕಲಸುತ್ತಲೇ ಕೂತ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅಡುಗೆಮನೆಯ ಮಾತು ಕಿವಿಗೆ ಬಿತ್ತು. ಹುಡುಗಿಯ ಅಜ್ಜಿ, ನನಗಿಂತ ಹಿರಿಯಳು, ಮೊಮ್ಮಗಳನ್ನು ಸಮಾಧಾನ ಮಾಡುತ್ತಿದ್ದಳು.

"ಅಚ್ಚುಕಟ್ಟಿನೋರು ಅಂದ್ರೆ ಇಂಗೇಯ ಕಣವ್ವ. ಹಾಲು ಕೊಟ್ರೂ ಅದ್ರಲ್ಲಿ ಕಡ್ಡಿ ಹುಡುಕ್ತಾರೆ."

ನಮ್ಮೂರ ಮಾತಿಗೆ ಅವರಲ್ಲಿ ಆ ಅರ್ಥವೂ ಇದೆಯೆಂದು ನನಗೆ ಅಂದೇ ತಿಳಿದದ್ದು.

"ನಾನೊಲ್ಲೆ ಕಣಜ್ಜಿ," ಅಂದಳು ಹುಡುಗಿ. "ನಮ್ಮಪ್ಪನ್ನ ನೋಡಿ ನಕ್ಕೋರ ಮನೆಗೆ ನಾನು ಹೋಗಾಕಿಲ್ಲ."

ಚೊಂಬು ಕೆಳಗಿಟ್ಟೆ. ಒಳಗೆ ಹೋಗಿ ತಪ್ಪಾಯ್ತು ಅನ್ನದೆ, ನಮ್ಮ ಕಡೆಯವರ ಪಕ್ಕ ಬಂದು ಕೂತೆ. ಎಲೆಅಡಿಕೆ ಹಿಡಿದುಕೊಂಡು ಬಂದ ಅವಳ ಅಪ್ಪ, "ಹೇಳಿ ಕಳಿಸ್ತೀವಿ" ಅಂದ. ಹಾಗಂದರೆ ಏನೆಂದು ನಮಗೆಲ್ಲ ಗೊತ್ತು.

ಬಸ್ಸಿನಲ್ಲಿ ಮಗ ಕಿಟಕಿ ಪಕ್ಕ ಕೂತ. ನಮ್ಮೂರ ಹತ್ತಿರದ ಚಿನಕುರಳಿ ಬಂದಾಗ ನನ್ನ ಕಡೆ ತಿರುಗಿದ.

"ನಂಗೂ ಒಂದು ಗಂಟು ಸಿಕ್ತು ಕಣವ್ವ. ನುಂಗ್ದೆ."

ಮಾರನೇ ಬೆಳಿಗ್ಗೆ ಎದ್ದು ಮುದ್ದೆ ಕಟ್ಟಿದೆ. ಮಗನ ತಟ್ಟೆಗೆ ಹಾಕುವ ಮೊದಲು ನನ್ನ ಬೆರಳು ತಾನಾಗಿಯೇ ಒಳಗೆ ಹೋಗಿತ್ತು. ಗಂಟೇನೂ ಇರಲಿಲ್ಲ. ತೂತು ಉಳಿಯಿತು. ಅದನ್ನು ಕೆಳಮುಖ ಮಾಡಿ, ಮೇಲೆ ಸಾರು ಹುಯ್ದು, ಅವನ ಮುಂದಿಟ್ಟು, ಪೊರಕೆ ಹಿಡಿದು ಹಟ್ಟಿಯ ಅಂಗಳ ಗುಡಿಸಲು ಹೋದೆ.