ಹತ್ತಿ ಹೊಲದಲ್ಲಿ ಹೊಳಿಯವ್ವನ ಮುಂಜಾನೆ ಪಾಳಿ

ಮೋಟೆಬೆನ್ನೂರಿನ ವಿರೂಪಾಕ್ಷಪ್ಪನವರ ಹತ್ತಿ ಹೊಲದಲ್ಲಿ ಇನ್ನೂ ಮಬ್ಬುಗತ್ತಲೆ. ಅರವತ್ತೆರಡರ ಹೊಳಿಯವ್ವ ಸೀರೆ ಎತ್ತಿಕಟ್ಟಿ, ಗಂಡು ಸಾಲಿನ ಹೂವುಗಳನ್ನು ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದಾರೆ. ಬಿಸಿಲೇರಿದ ಮೇಲೆ ಇವುಗಳ ಪರಾಗವನ್ನು ಹೆಣ್ಣು ಸಾಲಿನ ಹೂವುಗಳಿಗೆ ಒಂದೊಂದಾಗಿ ಸವರಬೇಕು. ಹಾಗೆ ಕಟ್ಟಿದ ಕಾಯಿಯಲ್ಲಿರುವುದೇ ಹೈಬ್ರಿಡ್ ಬೀಜ. ಜೊತೆಗಿರುವ ಒಂಬತ್ತು ಹೆಂಗಸರಲ್ಲಿ ಐವತ್ತೈದು ದಾಟದವರು ಒಬ್ಬರೂ ಇಲ್ಲ!

ಮೊದಲು ಈ ಕೆಲಸಕ್ಕೆ ಹರೆಯದವರೇ ಬರುತ್ತಿದ್ದರು. ಈಗ ಹಲವರು ರಾಣೆಬೆನ್ನೂರಿನ ಹೊಲಿಗೆ ಕಾರ್ಖಾನೆಗೆ ಬಸ್ ಹತ್ತುತ್ತಾರೆ. ಹೊಳಿಯವ್ವನ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ. "ನಮ್ಮವ್ವಗ ಏಳು ಮಕ್ಕಳು, ನನಗ ನಾಕು, ನನ್ನ ಮಗಳಿಗೆ ಒಂದ. ಊರಾಗ ಮುದುಕ್ಯಾರ ಹೆಚ್ಚಾದ್ವಿ. ಹೊಲಕ್ಕ ಕೈ ಎಲ್ಲಿಂದ ಬರಬೇಕ್ರಿ?"

ಹೋದ ವರ್ಷ, 2006ರಲ್ಲಿ, ಬೀಜ ಕಂಪನಿಯ ಮೇಲ್ವಿಚಾರಕ ವೀರೇಂದ್ರ ಹೊಳಿಯವ್ವನನ್ನು ಹೊಲದಿಂದ ಕಳಿಸಿಬಿಟ್ಟಿದ್ದರು. ಪರಾಗ ಸವರುವ ಹಿಂದಿನ ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ, ಒಳಗಿನ ಪರಾಗದ ಎಳೆಗಳನ್ನೆಲ್ಲ ಕಿತ್ತು ಗುರುತಿಗೆ ಕೆಂಪು ಕಾಗದ ತೊಡಿಸಬೇಕು. ಒಂದೆಳೆ ಉಳಿದರೂ ಬೀಜ ಕೆಟ್ಟಂತೆ. ಹೊಳಿಯವ್ವ ಮುಗಿಸಿದ ಸಾಲಿನಲ್ಲಿ ಅಂಥ ಮೂರು ಮೊಗ್ಗು ಸಿಕ್ಕಿದ್ದವು. "ಕಣ್ಣು ಕಾಣಂಗಿಲ್ಲಜ್ಜಿ, ಮನ್ಯಾಗ ಆರಾಮ ಕುಂದ್ರಿ" ಎಂದರಂತೆ. ಮಾತು ಖರೆಯೇ ಇತ್ತು. ಅದಕ್ಕೇ ಹೆಚ್ಚು ನೋವಾಯಿತು.

ಹರೆಯದವರೂ ಒಬ್ಬೊಬ್ಬರಾಗಿ ಕಾರ್ಖಾನೆ ಸೇರಿ, ಎಂಟೇ ದಿನದಲ್ಲಿ ಹೊಲದಲ್ಲಿ ಉಳಿದವರು ನಾಲ್ವರು ಹುಡುಗಿಯರು. ಸವರುವವರಿಲ್ಲದೆ ಹೂವು ಉದುರತೊಡಗಿದವು. ಸುದ್ದಿ ಕೇಳಿದ ಹೊಳಿಯವ್ವ ಯಾರೂ ಕರೆಯದೆಯೇ ಹೋಗಿ ಬದುವಿನ ಮೇಲೆ ನಿಂತರು.

"ಸಂಜೀ ಕೆಲಸ ಕಣ್ಣಿಂದು, ಅದನ್ನ ಹುಡುಗ್ಯಾರು ಮಾಡ್ಲಿ. ಅವ್ರು ತೊಡಿಸಿದ ಕೆಂಪು ಕಾಗದ ನನಗೂ ಕಾಣತೈತಿ. ಮುಂಜಾನಿ ಕೆಲಸ ಬೆರಳಿಂದು. ಅದನ್ನ ನಮ್ಮಂಥ ಮುದುಕ್ಯಾರಿಗೆ ಬಿಡ್ರಿ."

ವೀರೇಂದ್ರ ಅರೆಮನಸ್ಸಿನಿಂದ ಮೂರು ಸಾಲು ಕೊಟ್ಟರು. ಇಪ್ಪತ್ತು ದಿನ ಕಳೆದು ತಾವೇ ಕೂತು ಎಣಿಸಿದರು. ಹುಡುಗಿಯರ ಸಾಲಿನಲ್ಲಿ ನೂರು ಹೂವಿಗೆ ನಲವತ್ತು ಕಾಯಿ, ಹೊಳಿಯವ್ವನ ಸಾಲಿನಲ್ಲಿ ನಲವತ್ತೊಂದು. ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದರು. ಈ ವರ್ಷ ಮುಂಜಾನೆ ಪಾಳಿ ಪೂರ್ತಿ ಈ ಹತ್ತು ಜನರದ್ದೇ.

ಹರೆಯದವರು ಒಂದು ಹೊತ್ತಿಗೆ ಐನೂರು ಹೂವು ಮುಗಿಸಿದರೆ ಹೊಳಿಯವ್ವ ಮುಗಿಸುವುದು ಮುನ್ನೂರು. "ತಡಾ ಆಕೈತಿ, ಖರೆ. ಆದ್ರ ಒಂದ ಹೂವೂ ಬಿಡಂಗಿಲ್ಲ."

ಈಗ ವೀರೇಂದ್ರ 'ಅಜ್ಜಿ' ಎನ್ನುವುದನ್ನು ಬಿಟ್ಟು 'ಹೊಳಿಯವ್ವಾರ' ಎನ್ನುತ್ತಾರೆ. ಇನ್ನೇನು ಬೇಕು ಎಂದು ಕೇಳಿದರೆ ಹೊಳಿಯವ್ವ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗುತ್ತಾರೆ.

"ಹೊಸ ತಳಿ ಮಾಡೋ ಸಾಹೇಬ್ರಿಗೆ ಒಂದ ಮಾತು ಹೇಳ್ರಿ. ಹೂವು ನಮ್ಮ ನಡಕ್ಕಿಂತ ಮ್ಯಾಲೇ ಬಿಡಲಿ. ಬಗ್ಗೂದು ತಪ್ಪಿದ್ರ ಇನ್ನೂ ಹತ್ತು ವರ್ಷ ಬರ್ತೇವಿ."